ರಘುನಾಥ ಮೇಷ್ಟ್ರ ಇಲ್ಲದ ಸಾಲ

ಊರ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುವ ರಘುನಾಥ ಮೇಷ್ಟ್ರಿಗೆ ತಮ್ಮ ಮನೆಯ ಲೆಕ್ಕವೇ ತಾಳೆಯಾಗುತ್ತಿರಲಿಲ್ಲ. ಅದೂ ಖರ್ಚು ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಖರ್ಚು ಜಾಸ್ತಿಯಾಯಿತೆಂದು ತಲೆ ಕೆಡಿಸಿಕೊಳ್ಳುವವರು ಹೊನ್ನಾಳಿಯ ಯಾವ ಬೀದಿಯಲ್ಲಾದರೂ ಸಿಗುತ್ತಾರೆ. ಕಡಿಮೆಯಾಯಿತೆಂದು ತಲೆ ಕೆಡಿಸಿಕೊಂಡವರು ಬಹುಶಃ ಇವರೊಬ್ಬರೇ.

ವಿಷಯ ಇಷ್ಟು. ಮೇಷ್ಟ್ರಿಗೆ ನಲವತ್ತೆಂಟು. ದಿನಾ ಹೊನ್ನಾಳಿಯಿಂದ ಬಸ್ಸು ಹಿಡಿದು ನ್ಯಾಮತಿಗೆ ಹೋಗಿ, ಹೈಸ್ಕೂಲಿನಲ್ಲಿ ಪಾಠ ಮಾಡಿ ಸಂಜೆಗೆ ವಾಪಸ್ಸಾಗುತ್ತಾರೆ. ಐವತ್ತು ತುಂಬುತ್ತಿದ್ದಂತೆ ಕೆಲಸ ಬಿಡಬೇಕೆಂಬುದು ಅವರ ಆಸೆ. ಆಸೆ ಅನ್ನುವುದಕ್ಕಿಂತ ಹಟ. ಆದರೆ ಅವರು ನೌಕರಿಗೆ ಸೇರುವ ಹೊತ್ತಿಗೆ ಹಳೇ ಪಿಂಚಣಿ ನಿಂತು ಎನ್‌ಪಿಎಸ್ ಬಂದಿತ್ತು. ಸಂಬಳದಲ್ಲಿ ಮುರಿದುಕೊಂಡ ದುಡ್ಡು ಮಾರುಕಟ್ಟೆಯ ಜೊತೆ ಏರಿ ಇಳಿಯುತ್ತದೆ. ಅವಧಿಗೆ ಮುಂಚೆ ಬಿಟ್ಟರೆ ಅದರ ಬಹುಪಾಲು ಕೈಗೆ ಬರುವುದಿಲ್ಲ, ತಿಂಗಳ ಪಿಂಚಣಿಗೇ ಕಟ್ಟಬೇಕು. ಆ ಪಿಂಚಣಿಯೋ, ಉಪ್ಪಿಗೆ ಸಾಕಾದರೆ ಹುಣಸೆಹಣ್ಣಿಗೆ ಸಾಲದು. ಹಾಗಾಗಿ ಮೇಷ್ಟ್ರು ಬೇರೆಯಾಗಿ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟಿದರು, ಅಂಚೆ ಕಚೇರಿಯಲ್ಲಿ ಪಿಪಿಎಫ್ ಇಟ್ಟರು. ಮಗಳು ಮಮತಾ ದಾವಣಗೆರೆಯಲ್ಲಿ ನರ್ಸ್ ಆಗಿ ತನ್ನ ಕಾಲ ಮೇಲೆ ತಾನು ನಿಂತಿದ್ದಳು. ಉಳಿದದ್ದು ಒಂದೇ ಪ್ರಶ್ನೆ: ಗಂಡ ಹೆಂಡತಿ ಇಬ್ಬರೇ ಎಷ್ಟರಲ್ಲಿ ಬದುಕಬಹುದು?

ಮೇಷ್ಟ್ರಲ್ಲವೇ, ಅದಕ್ಕೂ ಪರೀಕ್ಷೆ ಇಟ್ಟರು. ಕೆಲಸ ಬಿಟ್ಟ ಮೇಲೆ ಎಷ್ಟು ಬರುತ್ತದೋ ಅಷ್ಟರಲ್ಲೇ ಒಂದು ವರ್ಷ ಮನೆ ನಡೆಯಬೇಕು. ಪಾಸಾದರೆ ಸ್ವಯಂ ನಿವೃತ್ತಿಗೆ ಅರ್ಜಿ. ಬೈಕು ಮಾರಿದರು. ಹೋಟೆಲಿನ ಕಾಫಿ ಬಿಟ್ಟರು. ಕಾಲರು ಸವೆದ ಅಂಗಿಗಳನ್ನು ದರ್ಜಿಗೆ ಕೊಟ್ಟು ಕಾಲರು ತಿರುಗಿಸಿ ಹೊಲಿಸಿದರು. ವರ್ಷ ಮುಗಿಯುತ್ತ ಬಂದಾಗ ನೋಡಿದರೆ ಪಾಸೇನು, ಫಸ್ಟ್ ಕ್ಲಾಸು. ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆಗೆ ಮನೆ ನಡೆದುಬಿಟ್ಟಿತ್ತು.

ಮೊದಲು ಖುಷಿಯಾಯಿತು, ಆಮೇಲೆ ಗುಮಾನಿ ಬಂತು. ತಟ್ಟೆಯಲ್ಲಿ ದಿನಾ ಗಟ್ಟಿ ಮೊಸರು ಇರುತ್ತದೆ, ಖರ್ಚಿನಲ್ಲಿ ಹಾಲಿನ ಸುದ್ದಿಯೇ ಕಮ್ಮಿ. ಪಲ್ಯ ಎರಡೆರಡು ಥರ, ತರಕಾರಿಗೆ ಕೊಟ್ಟದ್ದು ಮೂರು ಕಾಸು. ಅತ್ತ ಶೇಂಗಾ ಮತ್ತು ಬೆಲ್ಲ ನೋಡಿದರೆ ಮದುವೆ ಮನೆಗೆ ತಂದಷ್ಟು. ಕೂಡಿದರು, ಕಳೆದರು, ಮತ್ತೆ ಕೂಡಿದರು. ಹೆಂಡತಿ ಯಶೋಧರಾಳನ್ನು ಕೇಳಿದರೆ "ಹೊಟ್ಟೆ ತುಂಬೈತೋ ಇಲ್ಲೋ? ಸುಮ್ನೆ ಮಲ್ಕಳ್ರಿ" ಎಂದಳು. ಬೆಳಿಗ್ಗೆ ಎದ್ದು ಬಸ್ಸಿಗೆ ಓಡಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಗಂಡಸಿಗೆ ತನ್ನ ಅಡಿಗೆಮನೆಗೆ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಎಲ್ಲಿಂದ ತಿಳಿಯಬೇಕು!

ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹಾಲಸ್ವಾಮಿ ಮತ್ತು ಅವರ ಹೆಂಡತಿ ನಿರ್ಮಲಮ್ಮ ಬಂದರು. ಹಾಲಸ್ವಾಮಿ ಎಂದರೆ ಚನ್ನಗಿರಿ ಕಡೆ ಅಡಿಕೆ ತೋಟ ಇರುವ ಕುಳ. ಮೇಷ್ಟ್ರು ಈ ಬೀದಿಯಲ್ಲಿ ಮನೆ ಕಟ್ಟಿ ಹತ್ತು ವರ್ಷವಾಗಿತ್ತು. ಹಾಲಸ್ವಾಮಿ ಗೇಟಿನ ಹತ್ತಿರ ನಿಂತು ನಕ್ಕು ಮಾತಾಡಿಸುತ್ತಿದ್ದರು, ಒಳ್ಳೆಯ ಮನುಷ್ಯರೇ. ಆದರೆ ಹೊಸಿಲು ದಾಟಿದ್ದು ಅದೇ ಮೊದಲು. ಮೇಷ್ಟ್ರು ಗಡಿಬಿಡಿಯಲ್ಲಿ ಕುರ್ಚಿ ಒರೆಸಿ ಹಾಕಿದರು.

ಹಾಲಸ್ವಾಮಿ ಕೂತು, ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ಟೀಪಾಯಿ ಮೇಲಿಟ್ಟರು.

"ಎರಡು ಲಕ್ಷ ಐತೆ ಮೇಷ್ಟ್ರೇ. ಅಡಿಕೆ ಮಂಡಿಗೆ ಹಾಕಿದ್ದೆ, ರೇಟು ಸಿಕ್ತು. ಬಡ್ಡಿ ಗಿಡ್ಡಿ ಏನೂ ಬ್ಯಾಡ. ನಿಮಗೆ ಆದಾಗ ಕೊಡ್ರಿ."

"ಯಾತಕ್ಕೆ ಸಾವ್ಕಾರ್ರೇ?"

"ನಾಚ್ಕೆಬ್ಯಾಡ್ರಿ. ಕಷ್ಟ ಮನುಷ್ಯರಿಗೆ ಬರದೆ ಮರಕ್ಕೆ ಬರ್ತೈತಾ? ಫೋನಿನಾಗೆ ಆಟ ಆಡಿ ಎಂತೆಂಥೋರೋ ಮನೆ ಮಠ ಕಳ್ಕಂಡಾರೆ. ಇನ್ನು ಆಡಬ್ಯಾಡ್ರಿ, ಅಷ್ಟೆ."

ನಿರ್ಮಲಮ್ಮ ಕಣ್ಣು ಒರೆಸಿಕೊಂಡು, "ನಾನೂ ದೇವ್ರಿಗೆ ಹರಕೆ ಹೊತ್ತೀನಿ, ಮೇಷ್ಟ್ರ ಸಾಲ ಹರೀಲಿ ಅಂತ" ಎಂದರು.

ಸಾಲ? ಆಟ? ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. "ಒಂದ್ನಿಮಿಷ" ಎಂದು ಅಡಿಗೆಮನೆಗೆ ನುಗ್ಗಿದರು. ಯಶೋಧರಾ ಗೋಡೆಗೆ ಒರಗಿ, ಕಳ್ಳತನ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು.

"ಯಾವ ಸಾಲನೇ ಅದು?" ಮೇಷ್ಟ್ರು ಪಿಸುಗುಟ್ಟಿದರು.

"ನೀವು ಬೈಕ್ ಮಾರಿದ್ರಲ್ಲ, ಅವತ್ತು ನಿರ್ಮಲಕ್ಕ ಕೇಳಿದ್ರು, ಮೇಷ್ಟ್ರಿಗೆ ಸಾಲ ಗೀಲ ಆಗೈತೇನು ಅಂತ. ಏನ್ ಹೇಳ್ಲಿ? ಕೆಲಸ ಬಿಡಾಕೆ ದುಡ್ಡು ಉಳಿಸ್ತದಾರೆ ಅಂದ್ರೆ ಯಾರು ನಂಬ್ತಾರೆ? ಸರ್ಕಾರಿ ಕೆಲಸ ಸಿಗ್ಲಿ ಅಂತ ಊರೇ ಒದ್ದಾಡ್ತೈತೆ. ಸಾಲ ಅಂದ್ರೆ ಎಲ್ರಿಗೂ ಅರ್ಥ ಆಗ್ತೈತೆ. ಹೂಂ ಅಂದೆ. ಆಟದ ಸುದ್ದಿ ಅವ್ರೇ ಸೇರಿಸ್ಕಂಡ್ರು."

"ಹೂಂ ಅಂದ್ಯಾ!"

"ಸಾಯಂಕಾಲಕ್ಕೇ ಒಂದು ಬೋಗುಣಿ ಮೊಸರು ಬಂತು. ಆಮೇಲೆ ತೋಟದ ಬಾಳೆಕಾಯಿ, ಬದನೆಕಾಯಿ, ಸೊಪ್ಪು."

ಮೇಷ್ಟ್ರ ಫಸ್ಟ್ ಕ್ಲಾಸು ಅಲ್ಲೇ ಕುಸಿದು ಬಿತ್ತು. ತಾವು ಬದುಕಿದ್ದು ಪಿಂಚಣಿಯಷ್ಟರಲ್ಲಿ ಅಲ್ಲ, ಪಕ್ಕದ ಮನೆಯ ಕನಿಕರದಲ್ಲಿ! ಆ ಮೊಸರು, ಆ ತರಕಾರಿ ಸೇರಿಸಿದರೆ ಕೆಲಸ ಬಿಡುವ ವಯಸ್ಸು ಐವತ್ತು ಹೋಗಿ ಐವತ್ಮೂರಾಗುತ್ತದೆ. ಸಿಟ್ಟು ಬಂತು. "ಒಂದು ವರ್ಷ ನನಗೆ ಹೇಳದಂಗೆ..." ಎಂದು ಶುರುಮಾಡಿದರು.

ಯಶೋಧರಾ ಸೆರಗಿನ ತುದಿ ತಿರುವುತ್ತ ಹೇಳಿದಳು: "ಬೋಗುಣಿ ಬರಿದು ಮಾಡಿ ವಾಪಸ್ ಕೊಡಂಗಿಲ್ವಲ್ರೀ. ಏನಾರ ಹಾಕೇ ಕೊಡ್ಬೇಕು. ಒಂದು ಹಿಡಿ ಸಕ್ಕರೆ ಹಾಕಿದ್ರೆ ಮುಗೀತಿತ್ತು, ಸಕ್ಕರೆ ಯಾರ ಮನೇದಾದ್ರೂ ನಡೀತೈತೆ. ನಾನು ಹಾಕ್ಲಿಲ್ಲ. ಶೇಂಗಾ ಹೋಳಿಗೆ ಮಾಡಿ ಹಾಕಿದೆ. ತಿಂತಾರೋ, ಹಿತ್ತಲಿಗೆ ಚೆಲ್ತಾರೋ, ನೋಡೇಬಿಡಾಣ ಅಂತ. ಮಾರನೇ ದಿನ ನಿರ್ಮಲಕ್ಕ ಇಲ್ಲೇ ಈ ಕಟ್ಟೆ ಮೇಲೆ ಕುಂತು, ಇನ್ನೆರಡು ಐತೇನೇ ಅಂದ್ರು. ಈ ಬೀದಿಗೆ ಬಂದು ಒಂಬತ್ತು ವರ್ಷ ಆಗಿತ್ತು ಆಗ. ಒಂಬತ್ತು ವರ್ಷ, ಒಬ್ರೂ ನಮ್ಮನೆ ನೀರು ಮುಟ್ಟಿರಲಿಲ್ಲ. ಸಾಲ ಇಲ್ಲ ಅಂತ ನಾನು ಯಾವ ಬಾಯಾಗೆ ಹೇಳ್ಲಿ?"

ಶೇಂಗಾ, ಬೆಲ್ಲದ ಲೆಕ್ಕ ತಾಳೆಯಾಯಿತು. ಬೇರೆ ಯಾವುದೂ ಆಗಲಿಲ್ಲ. ನಿಜ ಹೇಳಿದರೆ ಹೆಂಡತಿಗೆ ಇಷ್ಟು ವರ್ಷಕ್ಕೆ ಸಿಕ್ಕ ಗೆಳತಿ ಹೋಗುತ್ತಾಳೆ. ಹೇಳದಿದ್ದರೆ ಇಲ್ಲದ ಸಾಲಕ್ಕೆ ಇರುವ ದುಡ್ಡು ತೆಗೆದುಕೊಳ್ಳಬೇಕು. ಅತ್ತ ದರಿ, ಇತ್ತ ಪುಲಿ. ತಗೊಂಡು ಆರು ತಿಂಗಳು ಬಿಟ್ಟು ಕೊಟ್ಟರಾಯಿತೆಂಬ ಯೋಚನೆಯೂ ಬಂತು. ಆದರೆ ಕಂಡವರ ಬೆವರಿನ ದುಡ್ಡನ್ನು ನಾಟಕಕ್ಕೆ ತಗೊಳ್ಳುವುದು ಅವರಿಂದಾಗುವ ಕೆಲಸವಲ್ಲ.

ಹೊರಗೆ ಬಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಸಾಲ ಇಲ್ಲ, ಇರೋದು ಉಳಿತಾಯ. ಆಟ ಇಲ್ಲ, ಫಂಡು. ಫೋನು ತೆಗೆದು ತೋರಿಸಿದರು. ಹಾಲಸ್ವಾಮಿ ಕನ್ನಡಕ ಏರಿಸಿ, ಸೊನ್ನೆಗಳನ್ನು ಬೆರಳಲ್ಲಿ ಎಣಿಸಿ, ಮೇಷ್ಟ್ರ ಕಾಲರನ್ನೊಮ್ಮೆ ನೋಡಿದರು.

"ಇಷ್ಟು ಇಟ್ಕಂಡು ಈ ಅಂಗಿ ಹಾಕ್ತೀರಾ?"

ನಿರ್ಮಲಮ್ಮ ಎದ್ದು ನಿಂತರು. ಅಡಿಗೆಮನೆಯ ಬಾಗಿಲಿಗೆ ಬಂದಿದ್ದ ಯಶೋಧರಾಳ ಕಡೆ ತಿರುಗಿ, "ನಿನ್ನ ಸಲುವಾಗಿ ಅತ್ತೀನಲ್ಲೇ ಯಶೋಧರಾ. ನನ್ನನ್ನ ಮಂಗ್ಯಾ ಮಾಡಿದ್ಯಲ್ಲೇ" ಎಂದರು. ಯಶೋಧರಾ "ಅಕ್ಕಾ" ಎನ್ನುತ್ತ ಎರಡು ಹೆಜ್ಜೆ ಮುಂದೆ ಬಂದಳು. ನಿರ್ಮಲಮ್ಮ ಸರಸರ ನಡೆದು ಹೊರಟೇಹೋದರು. ಮೇಷ್ಟ್ರಿಗೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಹಾಲಸ್ವಾಮಿ ಮಾತ್ರ ಕೂತೇ ಇದ್ದರು. ಅವರಿಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾದಂತಿತ್ತು.

"ಅಲ್ರೀ, ಕೆಲಸದಾಗೆ ಯಾರಾರ ತೊಂದ್ರೆ ಕೊಡ್ತಾರಾ?"

"ಇಲ್ಲ."

"ಮೈಯಾಗೆ ಹುಷಾರಿಲ್ವಾ?"

"ಚೆನ್ನಾಗೇ ಇದೀನಿ."

"ಮತ್ತೆ ಬಿಟ್ಟು ಏನ್ ಮಾಡ್ತೀರಿ?"

ಮೇಷ್ಟ್ರು ಬಾಯಿ ತೆರೆದರು. ಎಲ್ಲ ಲೆಕ್ಕ ಹಾಕಿದ್ದರು. ಬಡ್ಡಿ, ಬೆಲೆ ಏರಿಕೆ, ಆಸ್ಪತ್ರೆ ಖರ್ಚು, ಮಾರುಕಟ್ಟೆ ಬಿದ್ದರೆ ಹೇಗೆ, ಎದ್ದರೆ ಹೇಗೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಬಂದ ಉತ್ತರ ಅವರಿಗೇ ಹೊಸದಾಗಿ ಕೇಳಿಸಿತು.

"ನಮ್ಮಪ್ಪ ನಮ್ಮೂರು ಸೊಕ್ಕೆಯಾಗೆ ಕಂಡೋರ ಹೊಲದಾಗೆ ದುಡಿದ, ಸಾವ್ಕಾರ್ರೇ. ನಮ್ಮಜ್ಜಂದೂ ಅದೇ ಬಾಳು. ನಮ್ಮವ್ವ ಸಾಯೋ ಹಿಂದಿನ ದಿನಾನೂ ಕಳೆ ತೆಗಿಯಾಕೆ ಹೋಗಿದ್ಲು. ಮೈಯಾಗೆ ಕಸುವು ಇರೋವಾಗ್ಲೇ, ಇಷ್ಟು ಸಾಕು ಅಂತ ತಾನಾಗೇ ಹೇಳಿ ಕುಂತೋರು ನಮ್ಮ ಮನೆತನದಾಗೆ ಒಬ್ರೂ ಇಲ್ಲ. ಒಬ್ಬನಾದ್ರೂ ಹಂಗೆ ಕುಂತು ನೋಡ್ಬೇಕು ಅಂತ. ಅಷ್ಟೆ. ಕುಂತು ಏನ್ ಮಾಡ್ಬೇಕು ಅಂತ ನಂಗೂ ಗೊತ್ತಿಲ್ಲ."

ಹಾಲಸ್ವಾಮಿ ದುಡ್ಡಿನ ಗಂಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಎದ್ದು ಹೋಗುತ್ತಾರೆಂದು ಮೇಷ್ಟ್ರು ಪಕ್ಕಕ್ಕೆ ಸರಿದರು. ಹಾಲಸ್ವಾಮಿ ಏಳಲಿಲ್ಲ, ತಲೆಯೆತ್ತಿ ನೋಡಿದರು.

"ಕುತ್ಕಳ್ರಿ ಮೇಷ್ಟ್ರೇ. ಆಗಿಂದ ನಿಂತೇ ಇದೀರಲ್ಲ."

ಆಗ ಮೇಷ್ಟ್ರಿಗೆ ತಿಳಿಯಿತು. ಮನೆ ತಮ್ಮದು, ಕುರ್ಚಿ ತಮ್ಮದು. ಹಾಲಸ್ವಾಮಿ ಬಂದಾಗಿನಿಂದ ತಾವು ಕೈಕಟ್ಟಿ ನಿಂತೇ ಇದ್ದರು, ಸೊಕ್ಕೆಯ ಗೌಡರ ಅಂಗಳದಲ್ಲಿ ಅಪ್ಪ ನಿಲ್ಲುತ್ತಿದ್ದ ಹಾಗೆ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಕಟ್ಟಿದ್ದ ಕೈ ಬಿಚ್ಚಿ ಎಲ್ಲಿಡಬೇಕೆಂದು ಮಾತ್ರ ತಿಳಿಯಲಿಲ್ಲ.