ಕೇಕಿನ ನೆತ್ತಿ

“ಬಾಯಿ ತೆಗಿ,” ಎಂದು ದೊಡ್ಡಕ್ಕ ಕೇಕಿನ ಚೂರನ್ನು ಗುಂಡಮ್ಮನ ತುಟಿಯವರೆಗೆ ತಂದಾಗಿತ್ತು. ಗುಂಡಮ್ಮ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. ಬೇಕರಿಯ ಹಿಂದಿನ ಕೋಣೆಯಲ್ಲಿ ಇಷ್ಟು ವರ್ಷ ಹಾಗೆ ಆದದ್ದೇ ಇಲ್ಲ.

“ಬೇಡ ಅಕ್ಕಾ. ಈ ಡಬ್ಬಿಗೆ ಹಾಕಿ.”

“ಡಬ್ಬಿಗಾ? ಡಬ್ಬಿಗೇನು ನಾಲಿಗೆ ಇದೆಯಾ?”

ಓವನ್‌ನಿಂದ ಬಂದ ಕೇಕು ನಡುವೆ ಉಬ್ಬಿರುತ್ತದೆ. ಮೇಲೆ ಕ್ರೀಮ್ ಬಳಿಯಬೇಕಾದರೆ ಆ ನೆತ್ತಿಯನ್ನು ಉದ್ದ ಚಾಕುವಿನಿಂದ ಸಮನಾಗಿ ಕೊಯ್ಯಬೇಕು. ಕೊಯ್ದದ್ದು ಕೆಲಸದವರಿಗೇ ಎಂಬುದು ಅಲ್ಲಿನ ರೂಢಿ. ದೊಡ್ಡಕ್ಕ ಕೊಯ್ಯುವವಳು, ಗುಂಡಮ್ಮ ಕ್ರೀಮ್ ಬಳಿಯುವವಳು. ಅವಳ ಎರಡೂ ಕೈ ಕ್ರೀಮಿನಲ್ಲಿರುತ್ತಿದ್ದುದರಿಂದ ದೊಡ್ಡಕ್ಕನೇ ಬಾಯಿಗೆ ಇಡುತ್ತಿದ್ದಳು. ಕೆಲಸ ಕಲಿಸಿದವಳು, ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿ ಕೂತವಳು. ಆ ಕೈಗೆ ಬೇಡ ಅನ್ನುವುದು ಸುಲಭವಲ್ಲ.

ಕಳೆದ ವರ್ಷ ಗುಂಡಮ್ಮ ಹದಿನೆಂಟು ಕಿಲೋ ಇಳಿಸಿದ್ದಳು. ಮಂಡಿ ಉಳಿಯಬೇಕಾದರೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ದಿನವಿಡೀ ನಿಂತು ಮಾಡುವ ಕೆಲಸ. ಮಂಡಿ ಹೋದರೆ ಕೆಲಸವೂ ಹೋದಂತೆ. ಬೆಳಗಿನ ಜಾವ ಎದ್ದು ನಡೆದಳು, ಊಟದ ತಟ್ಟೆ ಚಿಕ್ಕದು ಮಾಡಿದಳು. ಮೈ ಇಳಿಯಿತು, ಹೆಸರು ಮಾತ್ರ ಇಳಿಯಲಿಲ್ಲ. ಈಗ ಅದರಲ್ಲಿ ಐದು ಕಿಲೋ ಸದ್ದಿಲ್ಲದೆ ವಾಪಸು ಬಂದು ಕೂತಿತ್ತು. ಮೆಟ್ಟಿಲು ಇಳಿಯುವಾಗ ಮಂಡಿ ಮತ್ತೆ ಚುಚ್ಚುತ್ತಿತ್ತು.

“ನನಗೆ ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ,” ಎಂದು ನಿನ್ನೆ ಡಾಕ್ಟರ ಮುಂದೆ ಅತ್ತಿದ್ದಳು.

“ಇಳಿಸೋದು ಒಂದು ಕೆಲಸ ಅಮ್ಮ, ಇಳಿದಲ್ಲೇ ನಿಲ್ಲಿಸೋದು ಇನ್ನೊಂದು. ಊಟ ಬಿಟ್ಟು ಬೇರೆ ಏನಾದ್ರೂ ತಿಂತೀರಾ?”

“ಏನೂ ಇಲ್ಲ.”

ಬೇಕೆಂದೇ ಹೇಳಿದ ಸುಳ್ಳಲ್ಲ ಅದು. ಬಾಯಿಗೆ ಬಂದ ಆ ಚೂರುಗಳನ್ನು ಅವಳು ಯಾವತ್ತೂ ತಿಂದದ್ದರ ಲೆಕ್ಕಕ್ಕೆ ಸೇರಿಸಿರಲೇ ಇಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹಲ್ಲಿನ ಸಂದಿಯಲ್ಲಿದ್ದ ಕೇಕಿನ ತುಣುಕು ನಾಲಿಗೆಗೆ ತಗುಲಿದಾಗಲೇ ಜ್ಞಾನೋದಯವಾದದ್ದು.

ದೊಡ್ಡಕ್ಕ ಇವತ್ತು ದಿನವಿಡೀ ಮುನಿಸಿಕೊಂಡೇ ಕೊಯ್ದಳು. “ಒಂದು ಚೂರಲ್ಲಿ ಏನಾಗುತ್ತೆ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!”

“ಆನೆ ಅಂದ್ರಲ್ಲ, ಅದಕ್ಕೇ ಬೇಡ.”

ನಗಾಡಿದರೂ ಗುಂಡಮ್ಮನ ಬಾಯಲ್ಲಿ ನೀರೂರುತ್ತಿತ್ತು. ಬಿಸಿ ಕೇಕಿನ ವಾಸನೆಗೆ ಒಮ್ಮೆ ಬಾಯಿ ತಾನಾಗಿ ತೆರೆದೂ ಇತ್ತು. ಹಲ್ಲು ಕಚ್ಚಿ ಮುಚ್ಚಿಕೊಂಡಳು. ತನಗೆಂದು ಬಂದ ಪ್ರತಿ ಚೂರೂ ಡಬ್ಬಿಗೇ ಹೋಯಿತು.

ಸಂಜೆ ಕೈ ತೊಳೆದು, ಡಬ್ಬಿಯಲ್ಲಿದ್ದುದನ್ನೆಲ್ಲ ಒಂದು ಚಿಕ್ಕ ಕೇಕ್ ಟಿನ್ನಿಗೆ ಸುರಿದು ಒತ್ತಿದಳು. ಟಿನ್ನು ಕಂಠದವರೆಗೆ ತುಂಬಿತು. ಅಂಗಡಿಯ ಗಾಜಿನ ಹಿಂದೆ ಇಟ್ಟು ಮಾರಬಹುದಾದ ಇಡೀ ಒಂದು ಕೇಕು.

“ಇದು ಒಂದೇ ದಿನದ್ದಾ?” ದೊಡ್ಡಕ್ಕನ ದನಿ ಉಡುಗಿತು.

“ತೆನೆ ತೆನೆ ಕೂಡಿದ್ರೆ ಬಳ್ಳ ಅಂತಾರಲ್ಲ ಅಕ್ಕಾ.”

ದೊಡ್ಡಕ್ಕ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟಳು. “ನಿನ್ನ ಮಂಡಿಗೆ ನಾನೇ ವೈರಿ ಆದ್ನಲ್ಲೇ.”

“ಬಾಯಿ ತೆಗೆದವಳು ನಾನು. ಇನ್ಮೇಲೆ ತೆಗೆಯಲ್ಲ, ಅಷ್ಟೆ.”

“ಹಾಗಾದ್ರೆ ನಾನು ನಿನಗೆ ಕೊಡೋದಾದ್ರೂ ಏನು?”

ಗುಂಡಮ್ಮನಿಗೆ ತಾಯಿಯ ಕೈ ತಳ್ಳಿದಷ್ಟೇ ಸಂಕಟವಾಯಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಗಿನ ಜಾವ ನಡೆಯಲು ಹೊರಟು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ದೊಡ್ಡಕ್ಕ ಕೂತಿದ್ದಳು. ತಲೆಗೆ ಬಟ್ಟೆ ಸುತ್ತಿದ್ದಳು. ಕಾಲಲ್ಲಿ ಹಿಟ್ಟು ಮೆತ್ತಿದ ಬೇಕರಿಯ ಚಪ್ಪಲಿ.

“ನಡಿ. ಅದೇನು ನಡೀತೀಯೋ ನೋಡ್ತೀನಿ.”

ಎರಡನೇ ತಿರುವಿಗೇ ಅವಳಿಗೆ ಏದುಸಿರು ಬಂತು. ದೀಪದ ಕಂಬ ಹಿಡಿದುಕೊಂಡಳು. ಗುಂಡಮ್ಮ ನಿಂತು ಹಿಂದಿರುಗಿ ಬರತೊಡಗಿದಳು.

“ಬರಬೇಡ್ವೇ!” ದೊಡ್ಡಕ್ಕ ಕೋಳಿ ಅಟ್ಟುವಂತೆ ಕೈ ಬೀಸಿದಳು. “ನನಗೋಸ್ಕರ ನಿಂತ್ರೆ ಅದೂ ಒಂದು ಚೂರೇ. ನೀನು ನಡಿ, ನಾನು ಬರ್ತೀನಿ.”

ಗುಂಡಮ್ಮನ ಕಣ್ಣು ತುಂಬಿತು. ತಿರುಗಿ ಬಿರಬಿರನೆ ನಡೆದಳು. ಸ್ವಲ್ಪ ಹೊತ್ತಿನ ಮೇಲೆ ಖಾಲಿ ರಸ್ತೆಯಲ್ಲಿ, ಬಹಳ ಹಿಂದೆ, ಚಪ್ಪಲಿಯ ಪಟಪಟ ಸದ್ದು ಮತ್ತೆ ಶುರುವಾಯಿತು.