ಗುಟುಕಜ್ಜಿಯ ದನಿ

ಅಜ್ಜಿ ಕಥೆ ಹೇಳಲು ಕೂತರೆ ಪಕ್ಕದ ಮನೆಯ ಹಾಲು ಉಕ್ಕುತ್ತಿತ್ತು. ಉತ್ಪ್ರೇಕ್ಷೆಯಲ್ಲ. ಎರಡು ಮನೆಗೂ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳಗಿನದು. ಕಥೆಯ ಗುಂಗಿನಲ್ಲಿ ಹಾಲು ಚೆಲ್ಲಿಕೊಂಡ ದರ್ಜಿಯ ತಾಯಿ, "ನಿನ್ನ ನರಿ ಹಾಳಾಗಲಿ ಕಣೇ, ನನ್ನ ಒಲೆ ನೋಡು ಬಾ" ಎಂದು ಆಚೆಯಿಂದ ಬೈದರೆ, ಅಜ್ಜಿ ನರಿಯ ದನಿಯಲ್ಲೇ ಕ್ಷಮೆ ಕೇಳುತ್ತಿದ್ದಳು. ತೊಡೆಯ ಮೇಲಿದ್ದ ಮೂರು ವರ್ಷದ ಮೊಮ್ಮಗಳು ಅದನ್ನೂ ಹಾಗೆಯೇ ಒಪ್ಪಿಸುತ್ತಿದ್ದಳು. ಕೇಳಿದ್ದನ್ನೆಲ್ಲ ತಿರುಗಿ ನುಡಿಯುವ ಆ ಮಗುವನ್ನು ಮನೆಯವರು ಗಿಣಿ ಎಂದೇ ಕರೆಯುತ್ತಿದ್ದರು.

ಅಜ್ಜಿಯ ಮಗಳು, ಅಂದರೆ ಗಿಣಿಯ ಸೋದರತ್ತೆ, ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆ ಪತ್ರಿಕೆ, ಅಂಗಡಿಯ ಬೋರ್ಡು ಮಾಡುತ್ತಿದ್ದಳು. ಊಟದ ಹೊತ್ತಿನಲ್ಲಿ ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಚಿತ್ರ ಬರೆಯುವುದು ಅವಳ ಹುಚ್ಚು. ಆ ಹುಚ್ಚನ್ನು ಕಂಡೇ ಬೀದಿಯ ಆರೋಗ್ಯ ಕೇಂದ್ರದ ನರ್ಸಕ್ಕ ಅಂಗಡಿಗೆ ಬಂದಿದ್ದು. ವಾಂತಿ ಭೇದಿಯಾದ ಮಕ್ಕಳಿಗೆ ಈ ಕಡೆಯ ಮನೆಗಳಲ್ಲಿ ನೀರೇ ಕೊಡುವುದಿಲ್ಲ, ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಹಿರಿಯರು ಲೋಟ ಕಿತ್ತಿಡುತ್ತಾರೆ, ಮಕ್ಕಳು ಒಣಗಿ ಸಾಯುತ್ತವೆ ಎಂದು ಆಕೆ ಹೇಳಿದಳು. ತಾನು ಗೋಡೆಗೆ ಹಚ್ಚಿದ ಕಾಗದಗಳ ಮೇಲೆ ಜನ ಸೈಕಲ್ ಒರಗಿಸುತ್ತಾರೆ, ಓದುವವರಿಲ್ಲ. "ನೀನೊಂದು ಚಿತ್ರದ ಕಥೆ ಮಾಡಿಕೊಡಮ್ಮ. ಫೋನಿನಲ್ಲಿ ಬಂದರೆ ನೋಡ್ತಾರೆ."

ಮಗಳು ಚಿತ್ರ ಬರೆದಳು. ಬಾಡಿದ ಗಿಡದಂಥ ಒಬ್ಬ ಹುಡುಗ, ಅವನ ಪಕ್ಕದಲ್ಲಿ ಲೋಟ ಹಿಡಿದ ಒಬ್ಬ ಅಜ್ಜಿ. ದನಿಗೆ ದೂರ ಹೋಗಬೇಕಾಗಿರಲಿಲ್ಲ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ತಾಯಿ ಮಗಳಿಬ್ಬರೂ ಕಂಬಳಿಯೊಳಗೆ ತಲೆ ತೂರಿಸಿ ಕೂತರು. ಅಜ್ಜಿ ಬೆವರೊರೆಸಿಕೊಳ್ಳುತ್ತ ಹುಡುಗನಾದಳು, ಅಜ್ಜಿಯಾದಳು, ಕೊನೆಗೆ ಗಿಡವೂ ಆದಳು. "ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿ ಕಂದಾ, ಜೀವ ಚಿಗುರಲಿ." ಆ ಕೊನೆಯ ಮಾತನ್ನು ಅವಳು ಹೇಳಿದ ರೀತಿಗೆ ಮಗಳ ಕಣ್ಣೇ ಒದ್ದೆಯಾಯಿತು.

ಕಥೆ ಫೋನಿಂದ ಫೋನಿಗೆ ಹಾರಿತು. ತರಕಾರಿಯವನು ತಕ್ಕಡಿ ಹಿಡಿದೇ ಕೇಳಿದ. ನೋಡದ ಊರಿನಿಂದ ಯಾರೋ ಒಬ್ಬಳು ತಾಯಿ ನರ್ಸಕ್ಕನಿಗೆ ಕರೆಮಾಡಿ, ನನ್ನ ಮಗು ಉಳಿಯಿತು, ಆ ಅಜ್ಜಿಯ ಕಾಲಿಗೆ ನನ್ನದೊಂದು ನಮಸ್ಕಾರ ಮುಟ್ಟಿಸಿ ಎಂದಳಂತೆ. ಬೀದಿಯವರು ಗುಟುಕಜ್ಜಿ ಎಂದು ಹೆಸರಿಟ್ಟರು. ಅಜ್ಜಿ ಸೆರಗು ಸರಿಮಾಡಿಕೊಂಡು ನಡೆಯತೊಡಗಿದಳು. ಅಮ್ಮನ ತಲೆಯಿಂದ ಹಳೆಯ ನಂಬಿಕೆ ತೊಲಗಿತಲ್ಲ ಎಂದು ಮಗಳು ಹಿಗ್ಗಿದಳು. ನಿಜವಾಗಿ ತೊಲಗಿತೇ ಎಂದು ಕೇಳಲಿಲ್ಲ. ಬಾಯಲ್ಲಿ ಬಂದದ್ದು ಮನಸ್ಸಿನಲ್ಲೂ ಇರುತ್ತದೆಂದು ಯಾರು ತಾನೇ ಅಂದುಕೊಳ್ಳುವುದಿಲ್ಲ?

ಬಿಸಿಲು ಬಲಿತ ದಿನಗಳಲ್ಲಿ ಗಿಣಿಗೆ ಭೇದಿ ಹಿಡಿಯಿತು. ಬೆಳಿಗ್ಗೆ ಮಗಳು ತಾನೇ ಜಗ್ಗಿನಲ್ಲಿ ಸಕ್ಕರೆ ಉಪ್ಪಿನ ನೀರು ಕದಡಿ, ಮುಚ್ಚಿಟ್ಟು, ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ, ಹೆಚ್ಚಾದರೆ ಫೋನ್ ಮಾಡಿ ಎಂದಳು. ಅಜ್ಜಿ, "ನನಗೇ ಪಾಠವೇನೇ? ಹೋಗು, ಹೊತ್ತಾಯ್ತು" ಎಂದು ನಕ್ಕಳು. ಗಿಣಿಯ ತಾಯಿ, ಅಂದರೆ ಮಗಳ ಅತ್ತಿಗೆ, ಅತ್ತೆಯ ಮುಖ ನೋಡಿ ಕಸಬರಿಗೆ ಎತ್ತಿಕೊಂಡಳು. ಲಾರಿ ಓಡಿಸುವ ಅಣ್ಣ ಎಲ್ಲೋ ದೂರದ ದಾರಿಯಲ್ಲಿದ್ದ.

ಸಂಜೆ ಮಗಳು ಚಪ್ಪಲಿ ಬಿಡುವಾಗಲೇ ಒಳಗಿನಿಂದ ತಾಯಿಯ ದನಿ ಕೇಳಿಸಿತು. ಗುಟುಕು ಗುಟುಕಾಗಿ ಕುಡಿ ಕಂದಾ. ಸದ್ಯ, ಕುಡಿಸುತ್ತಿದ್ದಾಳೆ ಎಂದುಕೊಂಡೇ ಹೊಸ್ತಿಲು ದಾಟಿದಳು.

ಮಾತಾಡುತ್ತಿದ್ದದ್ದು ಫೋನು. ಗಿಣಿಯ ಕಣ್ಣು ಗುಳಿಬಿದ್ದಿತ್ತು, ತುಟಿ ಬಿರಿದಿತ್ತು. ಅಳು ನಿಲ್ಲಲೆಂದು ಅಜ್ಜಿ ಕೈಗೆ ಕೊಟ್ಟಿದ್ದ ಫೋನಿನಲ್ಲಿ ಸೋದರತ್ತೆ ಬರೆದ ಹುಡುಗ ಲೋಟವೆತ್ತಿ ಕುಡಿಯುತ್ತಿದ್ದ. ಮಗು ಆ ಲೋಟಕ್ಕೆ ಬೆರಳೊತ್ತಿ, ಬೆರಳನ್ನು ಬಾಯಲ್ಲಿಡುತ್ತಿತ್ತು. ಅಡುಗೆಮನೆಯಲ್ಲಿ ಜಗ್ಗು ಹೆಚ್ಚುಕಡಿಮೆ ಬೆಳಿಗ್ಗೆ ಇಟ್ಟಂತೆಯೇ ತುಂಬಿತ್ತು.

"ಅಮ್ಮ, ನೀರೇ ಕೊಟ್ಟಿಲ್ವಾ?"

"ಒಂದು ಸಲ ಕೊಟ್ಟೆ, ಅಷ್ಟೂ ಹೊರಗೆ ಹೋಯ್ತು. ತೂತಾದ ಕೊಡಕ್ಕೆ ನೀರು ಸುರಿತಾರೇನೇ? ತೂತು ದೊಡ್ಡದಾಗತ್ತೆ. ಹೊಟ್ಟೆ ಒಣಗಲಿ, ತಾನೇ ಕಟ್ಟಿಕೊಳ್ಳತ್ತೆ. ನಿಮ್ಮನ್ನೆಲ್ಲ ನಾನು ಹೀಗೇ ಸಾಕಿದ್ದು."

"ಮತ್ತೆ ಇದರಲ್ಲಿ ನೀನೇ ಹೇಳಿದೀಯಲ್ಲಮ್ಮ. ಊರಿಗೆಲ್ಲ ಹೇಳಿದೀಯ."

ಅಜ್ಜಿ ನಿಜವಾಗಿಯೂ ಬೆರಗಾದಳು. "ಅದು ಕಥೆ ಕಣೇ. ಕಥೇಲಿ ನರಿ ಮಾತಾಡತ್ತೆ ಅಂತ ಬೀದಿ ನಾಯಿ ಹತ್ರ ದಾರಿ ಕೇಳ್ತಾರಾ?"

ಬಾಗಿಲಿಗೆ ಆತುಕೊಂಡಿದ್ದ ಅತ್ತಿಗೆ ಅಳತೊಡಗಿದಳು. ಮಧ್ಯಾಹ್ನ ಕದ್ದು ಎರಡು ಚಮಚ ಕೊಟ್ಟಿದ್ದಳಂತೆ. ಮತ್ತೆ ಭೇದಿಯಾದಾಗ, ನೀನೇ ಮಗಳನ್ನು ಕೊಲ್ಲುತ್ತೀಯ ಎಂದು ಅತ್ತೆ ಗದರಿದ್ದಕ್ಕೆ ಕೈ ಹಿಂದಕ್ಕೆಳೆದುಕೊಂಡಿದ್ದಳು.

ಮಗಳು ಮಗುವಿನ ಹೊಟ್ಟೆಯ ಚರ್ಮ ಹಿಡಿದೆತ್ತಿ ಬಿಟ್ಟಳು. ಅದು ಹಿಂಡಿದ ಬಟ್ಟೆಯಂತೆ ಹಾಗೇ ನಿಂತಿತು. ಹೀಗೆ ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಿ ಎಂಬ ಚಿತ್ರವನ್ನೂ ಅವಳೇ ಬರೆದಿದ್ದಳು. ಓಡಿದರು. ಆಟೋದಲ್ಲಿ ತುಟಿಗೆ ಚಮಚ ತಾಗಿಸಿದರೆ ನೀರು ಕೆನ್ನೆಯ ಮೇಲಿಂದ ಇಳಿಯಿತು. ಕೇಳಿದ್ದನ್ನೆಲ್ಲ ತಿರುಗಿ ನುಡಿಯುತ್ತಿದ್ದ ಗಿಣಿ, ಹೆಸರು ಹಿಡಿದು ಕೂಗಿದರೂ ಓಗೊಡಲಿಲ್ಲ. ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಲು ನರಕ್ಕಾಗಿ ಎರಡೂ ಕೈ ಹುಡುಕಿದರು, ಪಾದ ಹುಡುಕಿದರು. ಸ್ವಲ್ಪ ಹೊತ್ತಿನ ನಂತರ ಹುಡುಕುವುದನ್ನು ನಿಲ್ಲಿಸಿ, "ಬೆಳಿಗ್ಗೆಯಿಂದ ನೀರು ಕುಡಿಸಿದ್ದರೆ..." ಎಂದವರು ಅಜ್ಜಿಯನ್ನು ನೋಡಿ, ಮಗುವಿನ ಮುಖಕ್ಕೆ ಬಟ್ಟೆ ಎಳೆದರು.

ಆಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅಜ್ಜಿಗೆ ಎಷ್ಟೋ ಹಗುರವಾಗುತ್ತಿತ್ತು. ಅತ್ತಿಗೆ ತವರಿಗೆ ಹೋದಳು. ಅಜ್ಜಿ ಮಾತು ಬಿಟ್ಟಳು. ಪಕ್ಕದ ಮನೆಯ ಹಾಲು ಉಕ್ಕುವುದು ನಿಂತಿತು. ಮಗಳು ತನ್ನ ಫೋನಿನಿಂದ ಕಥೆಯನ್ನು ಅಳಿಸಿದಳು. ಆದರೆ ಬಿಟ್ಟ ಬಾಣ ಅದು, ಸಾವಿರ ಫೋನುಗಳಲ್ಲಿ ಕೂತಿತ್ತು. ನರ್ಸಕ್ಕ ಇನ್ನೊಂದು ಕಥೆ ಕೇಳಲು ಬಂದಾಗ ಮಗಳು ಸಿಟ್ಟಾದಳು. "ನಮ್ಮನೇಲೇ ನಾಟದ ಕಥೆ ಯಾರಿಗೆ ಬೇಕಕ್ಕ?" ನರ್ಸಕ್ಕ ತಲೆ ತಗ್ಗಿಸಿ ಹೇಳಿದಳು, "ನಾವು ಕಥೆ ಕಳಿಸಿ ಕೈ ತೊಳೆದುಕೊಂಡ್ವಿ ಕಣಮ್ಮ. ಅದರ ಹಿಂದೆಯೇ ಮನೆಗೆ ಬಂದು ಕೂತು ಮಾತಾಡಬೇಕಿತ್ತು. ಅದು ನನ್ನ ಕೆಲಸವಾಗಿತ್ತು."

ಒಂದು ಸಂಜೆ ಗೋಡೆಯಾಚೆ ದರ್ಜಿಯ ಮಗು ಸಣ್ಣಗೆ ನರಳತೊಡಗಿತು. ದರ್ಜಿಯ ಹೆಂಡತಿ ನೀರು ಕೊಡೋಣವೆನ್ನುತ್ತಿದ್ದಳು. ಅವಳ ಅತ್ತೆ, ಅದೇ ಹಾಲು ಚೆಲ್ಲಿಕೊಳ್ಳುವ ಮುದುಕಿ, ಬೇಡವೆನ್ನುತ್ತಿದ್ದಳು. ಆಗ ಸೊಸೆ ಫೋನು ಒತ್ತಿರಬೇಕು, ಗೋಡೆಯ ಮೂಲಕ ದನಿ ಬಂತು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ...

ಮಗಳು ಕಿವಿ ಮುಚ್ಚಿಕೊಂಡಳು. ಅಜ್ಜಿ ಮಾತ್ರ ಎದ್ದಳು. ಅಡುಗೆಮನೆಗೆ ಹೋಗಿ, ಅಂದಿನಿಂದ ಯಾರೂ ಮುಟ್ಟದ ಜಗ್ಗನ್ನು ತೊಳೆದು, ಆರಿಸಿಟ್ಟಿದ್ದ ಕಾಯಿಸಿದ ನೀರು ತುಂಬಿ, ಸಕ್ಕರೆ ಉಪ್ಪನ್ನು ಅಳೆದು ಹಾಕಿ ಕದಡಿದಳು. ಸೆರಗಿನ ಮರೆಯಲ್ಲಿ ಜಗ್ಗು ಹಿಡಿದು ಆಚೆ ಮನೆಗೆ ನಡೆದಳು. ಮಗಳು ಹಿಂದೆಯೇ ಹೋದಳು.

"ತೂತಾದ ಕೊಡಕ್ಕೆ ನೀರು ಬೇಡ ಅಂತ ನೀನೇ ಅಂತಿದ್ದೆಯಲ್ಲೇ" ಎಂದಳು ದರ್ಜಿಯ ತಾಯಿ.

"ಅಂತಿದ್ದೆ. ನಮ್ಮನೇಲಿ ಕೊಡಾನೇ ಹೋಯ್ತು. ಆ ಕಡೆ ಸರಿ."

ಅಜ್ಜಿ ಮಗುವನ್ನು ತೊಡೆಗೆ ಹಾಕಿಕೊಂಡು ಚಮಚ ಬಾಯಿಗಿಟ್ಟಳು. ಮೂಲೆಯಲ್ಲಿ ಫೋನು ಇನ್ನೂ ಹೇಳುತ್ತಿತ್ತು, ತುಂಬಿದ ದನಿಯಲ್ಲಿ, ಒಂದಕ್ಷರ ತೊದಲದೆ. ಅಜ್ಜಿಯೂ ಅದರ ಜೊತೆ ಹೇಳಲು ನೋಡಿದಳು. ಗುಟುಕು ಎಂದಳು. ಮತ್ತೆ ಗುಟುಕು ಎಂದಳು. ಕಂದಾ ಎನ್ನುವಲ್ಲಿ ಬರೀ ತುಟಿ ಅಲುಗಿತು. ಮಗಳು ಫೋನು ನಿಲ್ಲಿಸಿದಳು. ಆ ಮೌನದಲ್ಲಿ ಮಗು ನುಂಗಿದ ಸದ್ದು ಎಲ್ಲರಿಗೂ ಕೇಳಿಸಿತು. ಅಜ್ಜಿ ಮತ್ತೊಂದು ಚಮಚ ತುಂಬಿದಳು.