ಹತ್ತಿಯಕ್ಕನ ಹಿತ್ತಿಲು

ಒಳಮನೆಯಲ್ಲಿ ಕೂತು ಹತ್ತಿ ಹಿಂಜಿದರೆ ಮೂಗು ಬಾಯಲ್ಲೆಲ್ಲ ನಾರು. ಹತ್ತಿಯಕ್ಕನ ಸೊಸೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿಂಜುವ ಬಿಲ್ಲು ಮೀಟುತ್ತಾಳೆ, ಕೆಮ್ಮುತ್ತಾಳೆ, ಮತ್ತೆ ಮೀಟುತ್ತಾಳೆ. ತೊಟ್ಟಿಲ ಕೂಸಿನ ರೆಪ್ಪೆಯ ಮೇಲೂ ಹತ್ತಿ. ಬಿಸಿಲು ಕಾಣದ ಹತ್ತಿ ತುಂಬಿದ ಹಾಸಿಗೆ ಬೇಗ ಗಂಟು ಕಟ್ಟುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಮಾರಿದ ಹಾಸಿಗೆಗಳು ಒಂದೊಂದಾಗಿ ವಾಪಸು ಬರತೊಡಗಿದ್ದವು.

ಹಾಗಂತ ಜಾಗವಿಲ್ಲವೇ? ಧಾರಾಳವಾಗಿದೆ. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ನಿವೇಶನ, ಪತ್ರ ಹತ್ತಿಯಕ್ಕನ ಹೆಸರಿನಲ್ಲೇ ಇದೆ. ಮುಂದಿನ ಅಂಗಳದಲ್ಲಿ ಚಪ್ಪರ ಹಾಕೋಣವೆಂದರೆ ಪುರಸಭೆಯವರು ಬಂದು ಕಂಬ ಕಿತ್ತರು. ಎಂದೋ ಒಂದು ದಿನ ರಸ್ತೆ ಅಗಲ ಮಾಡುತ್ತಾರಂತೆ, ಅಲ್ಲಿಯವರೆಗೆ ಒಂದು ಕಡ್ಡಿಯನ್ನೂ ನೆಡುವಂತಿಲ್ಲ. ಮಾಳಿಗೆಯ ಮೇಲೆ ಹರಡಿದರೆ ಬಡಾವಣೆ ಸಂಘದವರು ಹಾಜರು. ಬೀದಿಗೆ ಕಾಣುವಂತೆ ಏನನ್ನೂ ಒಣಹಾಕಬಾರದೆಂದು ಕ್ರಯಪತ್ರದಲ್ಲೇ ಷರತ್ತಿದೆ, ಬೀದಿಯ ಅಂದ ಕೆಡುತ್ತದಂತೆ. ಬಡವರ ಹೊಟ್ಟೆಪಾಡು ಕಣ್ಣಿಗೆ ಬಿದ್ದರೆ ಇವರಿಗೆ ಊಟ ಸೇರುವುದಿಲ್ಲ.

ಉಳಿದದ್ದು ಹಿತ್ತಿಲು. ಅದನ್ನು ನುಂಗಿದವನು ಹಿಂದಿನ ಗೋದಾಮಿನ ಯಜಮಾನ.

ಗೋದಾಮು ಕಟ್ಟುವಾಗ ಅವನೇ ಬಾಗಿಲಿಗೆ ಬಂದಿದ್ದ. "ಅಕ್ಕಾ, ಸ್ವಲ್ಪ ದಿನ ನಮ್ಮ ಲಾರಿ ನಿಮ್ಮ ಹಿತ್ತಿಲಲ್ಲಿ ಹೋಗ್ಲಾ? ಬಾಡಿಗೆ ಕೊಡ್ತೀನಿ."

"ನೆರೆಯವರ ಹತ್ರ ದಾರಿಗೆ ದುಡ್ಡು ಇಸ್ಕೊಳ್ಳೋದಾ? ಹೋಗಪ್ಪ, ಸುಮ್ನೆ ಹೋಗು," ಅಂದಿದ್ದಳು ಹತ್ತಿಯಕ್ಕ. ಬಾಡಿಗೆಯ ಮಾತು ಕೇಳಿ ಅವಳಿಗೇ ನಾಚಿಕೆಯಾಗಿತ್ತು.

ಸ್ವಲ್ಪ ದಿನ ಅನ್ನುವುದು ವರ್ಷಗಟ್ಟಲೆ ಬೆಳೆಯಿತು. ಗಂಡ ತೀರಿಕೊಂಡ. ಲಾರಿ ಇಲ್ಲದ ಹೊತ್ತು ನೋಡಿ ಅವಳು ಹತ್ತಿ ಒಣಗಿಸುತ್ತಿದ್ದಳು. ಈಚೆಗೆ ಯಜಮಾನನ ಆಳುಗಳು ಆ ಹತ್ತಿಯನ್ನು ಕಾಲಲ್ಲಿ ಒದ್ದು ಚರಂಡಿಗೆ ತಳ್ಳಿದರು. ಇದು ಯಜಮಾನರ ದಾರಿ, ಇಲ್ಲಿ ಏನೂ ಇಡಬೇಡ ಅಂದರು.

ಹತ್ತಿಯಕ್ಕ ದೂರು ಕೊಡಲು ತಾಲೂಕು ಕಚೇರಿಗೆ ಹೋದಳು. ಅಲ್ಲಿನ ಸಾಹೇಬ ತಲೆ ಎತ್ತದೆ ಕೇಳಿದ, "ಬಾಡಿಗೆ ತಗೊಂಡಿದ್ರಾ?"

"ಇಲ್ಲ ಸ್ವಾಮಿ. ಒಂದು ಬಿಡಿಗಾಸೂ ಮುಟ್ಟಿಲ್ಲ."

"ಅಲ್ಲೇ ಕೆಟ್ರಿ ನೋಡಿ. ಬಾಡಿಗೆ ರಸೀದಿ ಇದ್ದಿದ್ರೆ ಕೇಳಿ ಓಡಾಡಿದ್ದಕ್ಕೆ ಅದೇ ಸಾಕ್ಷಿ ಆಗ್ತಿತ್ತು. ಅವರು ನಿಮ್ಮನ್ನ ಕೇಳಿ ಓಡಾಡಿದ್ರೆ ಅದು ನಿಮ್ಮ ದಯೆ. ಇಷ್ಟು ವರ್ಷ ಕೇಳದೆ ಓಡಾಡಿದ್ರೆ ಅದು ಅವರ ಹಕ್ಕು."

"ಕೇಳೇ ಓಡಾಡಿದ್ದು. ನನ್ನ ಬಾಗಿಲಲ್ಲಿ ನಿಂತು ಕೇಳಿದಾನೆ."

"ಕೇಳೇ ಇಲ್ಲ ಅಂತ ಗೋದಾಮಿನವರು ಬರ್ಕೊಟ್ಟಿದಾರೆ. ಸಾಕ್ಷಿ ಯಾರು?"

"ನನ್ನ ಗಂಡ."

"ಕರ್ಕೊಂಡು ಬನ್ನಿ."

ಅವಳು ಸಾಹೇಬನ ಮುಖವನ್ನೇ ನೋಡಿದಳು. "ಅಂದ್ರೆ ಕೇಳಿದೋನು ಸಾಲಗಾರ, ಕೇಳದೆ ನುಗ್ಗಿದೋನು ಒಡೆಯ. ಚೆನ್ನಾಗಿದೆ ಸ್ವಾಮಿ ನಿಮ್ಮ ಕಾನೂನು," ಅಂದು ಎದ್ದು ಬಂದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಅವಳು ಹಿತ್ತಿಲ ತುಂಬ ಹತ್ತಿ ಹರಡಿ, ನಟ್ಟನಡುವೆ ಬಿಲ್ಲು ಹಿಡಿದು ಕೂತಳು. ಲಾರಿ ಬಂತು. ಹಾರನ್ನು ಹೊಡೆದೂ ಹೊಡೆದೂ ಚಾಲಕನೇ ಸೋತ. ಬೀದಿಯವರೆಲ್ಲ ಹೊರಗೆ ಬಂದರು. ಯಜಮಾನ ಕಾರಿನಿಂದ ಇಳಿದ.

"ಏಳಮ್ಮ, ದಾರಿ ಬಿಡು."

"ಬಿಡ್ತೀನಿ. ಒಂದು ಮಾತು ಕೇಳಿ ಹೋಗಿ."

"ಏನು ಕೇಳೋದು?"

"ಅಕ್ಕಾ, ಹೋಗ್ಲಾ ಅಂತ. ಅವತ್ತು ಕೇಳಿದ ಹಾಗೆ. ಅಷ್ಟು ಅಂದ್ರೆ ಹತ್ತಿ ನಾನೇ ಎತ್ತಿಡ್ತೀನಿ."

ಯಜಮಾನ ಬಾಯಿ ತೆರೆದ. ಸುತ್ತ ನಿಂತವರನ್ನು ನೋಡಿದ, ಮುಚ್ಚಿದ.

ಚಾಲಕನಿಗೆ ಇದರ ತಲೆಬುಡ ಗೊತ್ತಿಲ್ಲ. "ಕೇಳ್ಬಿಡಿ ಯಜಮಾನ್ರೇ, ಒಂದು ಮಾತು ತಾನೆ, ಲೋಡು ಕಾಯ್ತಾ ಇದೆ," ಅಂದ.

"ಬಾಯಿ ಮುಚ್ಕೊಂಡು ಕೂತ್ಕೊ."

ಪಕ್ಕದ ಮನೆಯ ದರ್ಜಿಗೆ ತಲೆಬುಡ ಎರಡೂ ಗೊತ್ತಿತ್ತು. ವಾಸದ ಮನೆಯಲ್ಲಿ ಕಸುಬು ಕೂಡದೆಂದು ಅವನ ಹೊಲಿಗೆ ಯಂತ್ರಕ್ಕೆ ಸಂಘದವರು ಬೀಗ ಹಾಕಿಸಿದ್ದರು. ಅವನು ಬಂದು ಹತ್ತಿಯಕ್ಕನ ಪಕ್ಕ ಚಕ್ಕಳಬಕ್ಕಳ ಹಾಕಿ ಕೂತ. "ಕೇಳಿ ಸ್ವಾಮಿ. ನಾವೆಲ್ಲ ಇದೀವಲ್ಲ, ಈ ಸಲ ಸಾಕ್ಷಿಗೆ ಬರ ಇಲ್ಲ."

ಸೊಸೆ ಕೂಸನ್ನೆತ್ತಿಕೊಂಡು ಬಂದಳು. ಅವಳ ಹಿಂದೆ ಬೀದಿಯ ಹೆಂಗಸರು ಬಂದರು. ಕೂರಲು ಜಾಗ ಸಾಲದೆ ಕೆಲವರು ಲಾರಿಯ ಮುಂದೆಯೇ ನಿಂತರು.

"ಪೊಲೀಸರನ್ನ ಕರೀತೀನಿ," ಅಂದ ಯಜಮಾನ.

"ಕರೀರಿ," ಅಂದಳು ಹತ್ತಿಯಕ್ಕ, ಬಿಲ್ಲು ಮೀಟುತ್ತ. "ಅವರ ಎದುರಿಗೇ ಕೇಳಿ."